ಗಿಲಕಿ ಕೂಗಿತು, ಕೂಸು ತಿರುಗಲಿಲ್ಲ

"ಕೂಸು ಏಳ್ನಿಲ್ಲ ಅಂದ್ರೆ ಒಳ್ಳೇದೇ ಅಲ್ವೇನಮ್ಮಿ? ಗಟ್ಟಿ ನಿದ್ದೆ!" ಅಂದರು ಪುಟ್ಟಗೌರಮ್ಮ.

ಸೊಸೆ ಸುಕನ್ಯ ತೊಟ್ಟಿಲಿಗೆ ಬಗ್ಗಿ ಮಗುವಿನ ಮುಖವನ್ನೇ ನೋಡಿದಳು. ತೊಟ್ಟಿಲಿಗೆ ಕಟ್ಟಿದ್ದ ದಾರ ಹರಿದು ನಾನು ಪಕ್ಕದ ಹಿತ್ತಾಳೆ ತಟ್ಟೆಗೆ ಬಿದ್ದಿದ್ದೆ. ಆ ಸದ್ದಿಗೆ ಬೆಕ್ಕು ಕಿಟಕಿ ಹಾರಿ ಓಡಿತ್ತು. ಐದು ತಿಂಗಳ ಚಿನ್ಮಯಿ ಮಾತ್ರ ರೆಪ್ಪೆಯನ್ನೂ ಅಲುಗಿಸಿರಲಿಲ್ಲ.

ನಾನು ಒಂದು ಗಿಲಕಿ. ಚನ್ನಪಟ್ಟಣದ ಖಲೀಲ್ ಸಾಬರು ಹಾಲೆಮರದ ತುಂಡು ಕಡೆದು, ಕೆಂಪು ಅರಗು ಹಚ್ಚಿ, ಹೊಟ್ಟೆಗೆ ಹರಳು ತುಂಬಿದರು. ಕಿವಿಯ ಹತ್ತಿರ ಆಡಿಸಿ, "ಭೇಷ್! ಸತ್ತವರೂ ಎದ್ದು ಕೂರ್ತಾರೆ" ಎಂದು ನಕ್ಕರು. ಆ ಜಂಬದಲ್ಲೇ ಮದ್ದೂರಿನ ಈ ಮನೆಗೆ ಬಂದೆ. ನನ್ನ ಮೊದಲ ಒಡೆಯ ಪುಟ್ಟಗೌರಮ್ಮನ ಮಗ ನಂಜುಂಡ. ನಾನು ಬಾಗಿಲಾಚೆ ಕೂಗಿದರೂ ಕತ್ತು ಹೊರಳಿಸುತ್ತಿದ್ದ. ಹಲ್ಲು ಬರುವಾಗ ನನ್ನ ಹಿಡಿ ಕಚ್ಚಿ ಕಚ್ಚಿ ಗುಳಿ ಮಾಡಿದ. ಆಮೇಲೆ ಪೆಟ್ಟಿಗೆ ಸೇರಿದವಳು ಅವನ ಮಗಳಿಗೆಂದು ಮತ್ತೆ ಹೊರಬಂದೆ, ಬಣ್ಣ ಮಾಸಿದ ಮುದುಕಿಯಾಗಿ.

"ನಿನ್ ಗಂಡ ಮೂರು ವರ್ಸ ಮಾತೇ ಆಡ್ನಿಲ್ಲ. ಈಗ ಬಾಯ್ ಮುಚ್ಸಕ್ಕಾಯ್ತದಾ? ನಮ್ ವಂಸವೇ ನಿಧಾನ ಕನಮ್ಮಿ" ಅಂದರು ಪುಟ್ಟಗೌರಮ್ಮ ಮತ್ತೆ.

ನಂಜುಂಡನಿಗೆ ನಿಧಾನವಾಗಿದ್ದು ಮಾತು, ಕಿವಿಯಲ್ಲ. ಅದು ನನಗೆ ಗೊತ್ತು. ಹೇಳೋಣವೆಂದರೆ ನನಗೆ ಹೊಟ್ಟೆಯಿದೆ, ಬಾಯಿಲ್ಲ.

ಮಗು ಎದ್ದಾಗ ಅಜ್ಜಿ ನನ್ನನ್ನು ಅದರ ಕಣ್ಣೆದುರು ಆಡಿಸಿದರು. ಚಿನ್ಮಯಿ ಕಾಲು ಬಡಿದು ಕೇಕೆ ಹಾಕಿತು.

"ನೋಡು! ಕೇಳ್ದಿದ್ರೆ ನಗ್ತದಾ?"

"ಅದು ನಿಮ್ಮ ಮುಖ ನೋಡಿ ನಗ್ತಿದೆ ಅತ್ತೆ. ಹಿಂದೆ ಬಂದು ಆಡ್ಸಿ."

ಈ ಮನೆಯಲ್ಲಿ ಕೂಸಿನ ಬೆನ್ನ ಹಿಂದೆ ಯಾರೂ ಸದ್ದು ಮಾಡುವಂತಿರಲಿಲ್ಲ. ಬೆಚ್ಚಿದರೆ ಬಾಲಗ್ರಹ ಹಿಡಿಯುತ್ತದೆಂದು ಅಜ್ಜಿಯದೇ ಕಟ್ಟಳೆ. ಅದಕ್ಕೇ ಇಷ್ಟು ದಿನ ಯಾರಿಗೂ ಏನೂ ತಿಳಿದಿರಲಿಲ್ಲ. ಅವತ್ತು ಅವರೇ ಹಿಂದೆ ಹೋಗಿ ನಿಂತರು. ನಾನು ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ. ಬಲಗಿವಿಯ ಹತ್ತಿರ, ಎಡಗಿವಿಯ ಹತ್ತಿರ. ಮಗು ತಾಯಿಯ ತೊಡೆಯ ಮೇಲೆ ಸೆರಗಿನ ಅಂಚು ನೋಡುತ್ತಾ ತಣ್ಣಗೆ ಕೂತಿತ್ತು.

"ಇನ್ನೊಂದ್ ತಿಂಗ್ಳು ನೋಡುವಾ. ದೇವ್ರಿಗೆ ಮುಡಿಪು ಕಟ್ತೀನಿ."

"ಕಟ್ಟಿ ಅತ್ತೆ, ಬೇಡ ಅನ್ನಲ್ಲ. ಆದ್ರೆ ಕಾಯಕ್ಕಾಗಲ್ಲ. ಸದ್ದು ಕೇಳಿ ಕೇಳಿಯೇ ಮೆದುಳಲ್ಲಿ ಮಾತಿಗೆ ದಾರಿ ಆಗೋದಂತೆ. ಈಗ ಆಗದಿದ್ರೆ ಆಮೇಲೆ ಬಲು ಕಷ್ಟ ಅಂತ ಲಸಿಕೆ ಹಾಕೋ ಸಿಸ್ಟರ್ ಹೇಳಿದ್ರು."

ಅಜ್ಜಿ ಮಗುವಿನ ಹಿಂದೆ ನನ್ನನ್ನು ಇನ್ನೊಂದು ಸಲ ಆಡಿಸಿ ನೋಡಿದರು. ಆಮೇಲೆ, "ನಂಜುಂಡನ್ನ ಕರಿ. ಮೈಸೂರ್ಗೆ ಹೋಗುವಾ" ಅಂದರು.

ಆಸ್ಪತ್ರೆಯಲ್ಲಿ ಮಲಗಿದ ಮಗುವಿನ ತಲೆಗೆ ತಂತಿ ಅಂಟಿಸಿ ನೋಡಿದರು. ಎರಡೂ ಕಿವಿ ಮಂದ, ಪೂರ್ತಿ ಹೋಗಿಲ್ಲ. ಕಿವಿಗೆ ಪುಟ್ಟ ಮಿಷಿನ್ನು ಬಂತು. ಮೊದಲ ದಿನ ಕೂಸು ಅದನ್ನು ಕಿತ್ತೆಸೆಯಿತು. ಎರಡನೇ ದಿನವೂ. ಆಮೇಲೆ ಅಭ್ಯಾಸವಾಯಿತು. ವಾರಗಟ್ಟಲೆ ಅಜ್ಜಿ ಹಿಂದೆ ನಿಂತು ನನ್ನನ್ನು ಆಡಿಸಿದರು. ಕೂಸಿನ ಕತ್ತು ಕದಲಲಿಲ್ಲ. ಖಲೀಲ್ ಸಾಬರು ಕೊಟ್ಟ ದನಿಯೇ ಸುಳ್ಳೇನೋ ಅನ್ನಿಸಿತು ನನಗೆ.

ಒಂದು ಮಧ್ಯಾಹ್ನ ಚಾಪೆಯ ಮೇಲೆ ಚಿನ್ಮಯಿ ತಾನೇ ಕೂತು ಚಮಚ ಬಡಿಯುತ್ತಿತ್ತು. ಅಜ್ಜಿ ನನ್ನನ್ನು ಮೆಲ್ಲಗೆ ಅಲುಗಿಸಿದರು. ಬಡಿಯುವ ಕೈ ನಿಂತಿತು.

"ಸುಕನ್ಯಾ…"

"ಶ್! ಮಾತಾಡ್ಬೇಡಿ ಅತ್ತೆ. ಇನ್ನೊಂದ್ಸಲ."

ನಾನು ಕೂಗಿದೆ. ಕೂಸು ಮೆಲ್ಲಗೆ ಹೊರಳಿತು. ಅಜ್ಜಿಯ ಮುಖ ನೋಡಲಿಲ್ಲ, ನನ್ನನ್ನು ನೋಡಿತು. ಕೈಚಾಚಿ ಎಳೆದುಕೊಂಡು, ಅವರಪ್ಪ ಕಚ್ಚಿದ ಗುಳಿಗೇ ಬಾಯಿ ಹಾಕಿತು.