ಒಗೆದ ಮೇಲುಹಾಸು

ಮಾಸು, ಅಂದರೆ ಪ್ಲಾಸೆಂಟಾ, ಕೆಳಗೆ ಕೂತಿದೆ ಎಂದು ಐದನೇ ತಿಂಗಳ ಸ್ಕ್ಯಾನಿನಲ್ಲಿ ಗೊತ್ತಾಯಿತು. ಗರ್ಭಕೋಶದ ಬಾಯಿಯ ಅಂಚಿನಲ್ಲೇ. ಹತ್ತರಲ್ಲಿ ಒಂಬತ್ತು ಸಲ ತಾನಾಗಿ ಮೇಲೆ ಸರಿಯುತ್ತದೆ ಎಂದರು ಡಾಕ್ಟರು. ನಾನು ಸಂಖ್ಯಾಶಾಸ್ತ್ರ ಓದಿದವಳು. ಹತ್ತನೆಯವಳು ಯಾರಾದರೂ ಆಗಲೇಬೇಕು. ನನ್ನ ಗಂಡ ತೀರಿಹೋಗಿ ಆಗ ಮೂರು ವಾರವಾಗಿತ್ತು.

ಮೂವತ್ತೆರಡನೇ ವಾರದಲ್ಲೂ ಮಾಸು ಅಲ್ಲೇ ಇತ್ತು.

“ಭಾರ ಎತ್ತಬೇಡಿ. ಒಂದು ಹನಿ ರಕ್ತ ಕಂಡ್ರೂ ಬಂದುಬಿಡಿ. ಬಟ್ಟೆ ಬಿಸಾಡಬೇಡಿ, ಹಾಗೇ ತನ್ನಿ. ಎಷ್ಟು ಹೋಗಿದೆ ಅಂತ ನಾವು ನೋಡ್ಬೇಕು,” ಎಂದರು ಡಾಕ್ಟರು.

ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮಾಸು ಬಾಗಿಲಲ್ಲಿ ಕೂತಿದೆಯಂತೆ, ಭಾರ ಎತ್ತಬಾರದಂತೆ ಎಂದಷ್ಟೇ ಅವರಿಗೆ ಹೇಳಿದೆ. ಮಗನನ್ನು ಕಳೆದುಕೊಂಡವರ ಮುಂದೆ ರಕ್ತದ ಮಾತೆತ್ತಲು ಬಾಯಿ ಬರಲಿಲ್ಲ.

“ನಿನ್ನ ಮಾವನ ಹಾಗೆ,” ಎಂದರು ಅತ್ತೆ. “ಅವ್ರೂ ಪೇಪರ್ ಹಿಡ್ಕೊಂಡು ಬಾಗಿಲಲ್ಲೇ ಕೂರ್ತಿದ್ರು. ಏಳಿ ಅಂದಷ್ಟೂ ಚಕ್ಕಳಮಕ್ಕಳ ಹಾಕೋರು. ಹಠಮಾರಿ ವಂಶ ಇದು.”

ಅತ್ತೆಯದು ಲಾಂಡ್ರಿ. ಮುಂದೆ ಅಂಗಡಿ, ಹಿಂದೆ ನಾವಿಬ್ಬರು. ಕಲೆ ತೆಗೆಯುವುದರಲ್ಲಿ ಅವರದು ಎತ್ತಿದ ಕೈ. ಶಾಯಿ, ತುಕ್ಕು, ಗ್ರೀಸು, ರಕ್ತ, ಯಾವುದಕ್ಕೆ ಏನೆಂದು ತಲೆಗಿಂತ ಮೊದಲು ಅವರ ಕೈಗೆ ಗೊತ್ತಾಗುತ್ತದೆ. ಗಿರಾಕಿಗಳು ಕಲೆಯ ಬಗ್ಗೆ ಕತೆ ಕಟ್ಟಿದರೆ, “ಬಟ್ಟೆ ನನಗೆ ಹೇಳತ್ತೆ ಬಿಡಿ, ನೀವು ಸುಸ್ತು ಮಾಡ್ಕೋಬೇಡಿ,” ಎನ್ನುವರು.

ಮಂಗಳವಾರ ಮಧ್ಯಾಹ್ನ ಮಲಗಿದ್ದೆ. ನೋವಿರಲಿಲ್ಲ. ಬೆಚ್ಚಗೆ ಏನೋ ಹರಿಯಿತು. ಕೈಯಿಟ್ಟು ನೋಡಿದೆ. ಕೆಂಪು. ಅಂಗಡಿಯಲ್ಲಿದ್ದ ಅತ್ತೆಗೆ ಕೇಳಲೆಂದು ಪಕ್ಕದಲ್ಲಿದ್ದ ನೀರಿನ ಚೊಂಬನ್ನು ನೆಲಕ್ಕೆ ತಳ್ಳಿದೆ.

ಅತ್ತೆ ಬಂದು ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದರು, ನನ್ನ ಬಟ್ಟೆ ಬದಲಿಸಿದರು, ಬಿಚ್ಚಿದ ಬಟ್ಟೆಯನ್ನೂ ಮೇಲುಹಾಸನ್ನೂ ಎಳೆದುಕೊಂಡು ಬಚ್ಚಲಿಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು. ನಾನು ಮಗು ಒದೆಯುವುದನ್ನು ಕಾಯುತ್ತಿದ್ದೆ. ಆ ಸದ್ದಿನ ಅರ್ಥ ನನಗೆ ಹೊಳೆಯಲಿಲ್ಲ.

ಮಗು ಒದೆಯಲಿಲ್ಲ. ಆಂಬುಲೆನ್ಸು ಹೊರಟ ಮೇಲೆ ಒಂದು ತಿರುವಿನಲ್ಲಿ ಒದೆಯಿತು. ಅದು ಒದ್ದದ್ದೋ ಗಾಡಿ ಕುಲುಕಿದ್ದೋ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಮಗುವಿನ ಎದೆಬಡಿತ ಹುಡುಕಿದರು. ಸಿಕ್ಕಿತು. ಆಮೇಲೆ ಡಾಕ್ಟರು ಕೇಳಿದರು, “ಬಟ್ಟೆ ಎಲ್ಲಿ?”

“ಒಗೆದುಹಾಕಿದೆ,” ಎಂದರು ಅತ್ತೆ.

ನರ್ಸು ತಿರುಗಿ ನೋಡಿದರು. “ಒಗೆದ್ರಾ? ಇಸ್ತ್ರಿನೂ ಮಾಡ್ಕೊಂಡು ಬರಬೇಕಿತ್ತು.”

“ಆಗಲೇ ತಣ್ಣೀರಿಗೆ ಹಾಕದಿದ್ರೆ ಕಲೆ ಹಿಡ್ಕೊಂಡುಬಿಡತ್ತೆ...” ಎಂದ ಅತ್ತೆ ಅರ್ಧಕ್ಕೆ ನಿಲ್ಲಿಸಿದರು.

“ಅವರಿಗೆ ನಾನು ಹೇಳಿರಲಿಲ್ಲ,” ಎಂದೆ.

ಡಾಕ್ಟರು ನನ್ನ ಮಣಿಕಟ್ಟು ಬಿಡಲಿಲ್ಲ. “ಈಗ ನಿಂತಿದೆ. ಆದ್ರೆ ನಾಡಿ ಓಡ್ತಾ ಇದೆ. ಹೆದರಿಕೆಗೋ, ರಕ್ತ ಹೋಗಿದ್ದಕ್ಕೋ ಗೊತ್ತಾಗ್ತಿಲ್ಲ. ತುಂಬ ಹೋಗಿದ್ರೆ ಈಗಲೇ ಕೊಯ್ದು ತೆಗೀಬೇಕು. ಮಗುವಿನ ಶ್ವಾಸಕೋಶ ಇನ್ನೂ ಬಲಿತಿಲ್ಲ. ಕಮ್ಮಿ ಹೋಗಿದ್ರೆ ಅದು ಬಲಿಯೋಕೆ ಇಂಜೆಕ್ಷನ್ ಕೊಟ್ಟು ಎರಡು ದಿನ ಕಾಯಬಹುದು. ಎಷ್ಟು ಹೋಯ್ತು ಅಂತ ಯಾರಾದ್ರೂ ಹೇಳಿ.”

ನಾನು ನೋಡಿದ್ದು ನನ್ನ ಬೆರಳುಗಳನ್ನು ಮಾತ್ರ.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಒಂದು ಹಳೇ ಕಾಟನ್ ಬೆಡ್‌ಶೀಟು ಕೊಡಿ. ಅಳತೆ ಗೀಟು ಇರೋ ಜಗ್ಗಲ್ಲಿ ನೀರು ಕೊಡಿ.”

“ಅಮ್ಮಾ, ಇದು ಆಟ ಅಲ್ಲ,” ಎಂದರು ನರ್ಸು.

“ಕೊಡಿ,” ಎಂದರು ಡಾಕ್ಟರು.

ಪಕ್ಕದ ಖಾಲಿ ಮಂಚದ ಮೇಲೆ ಅತ್ತೆ ಶೀಟನ್ನು ಎರಡು ಮಡಿಕೆ ಮಾಡಿ ಹಾಸಿದರು. ನಮ್ಮ ಮನೆಯಲ್ಲೂ ಹಾಸುವುದು ಹಾಗೆಯೇ. ನೀರು ಸುರಿದರು. ಒದ್ದೆ ಅಂಗೈಯಗಲವಾಯಿತು. ಸಾಕು ಅನ್ನಿ ಅತ್ತೆ, ಎಂದು ಒಳಗೇ ಬೇಡಿದೆ.

“ಇಲ್ಲ, ಇನ್ನೂ ಇತ್ತು.”

ಮತ್ತೆ ಸುರಿದರು. ತಟ್ಟೆಯಗಲವಾಯಿತು. ಮೇಲಿನ ಮಡಿಕೆ ಎತ್ತಿ ಕೆಳಗಿನದನ್ನು ಮುಟ್ಟಿ ನೋಡಿದರು. “ಇನ್ನೂ.” ಜಗ್ಗು ಓರೆಯಾಗಿ ನೀರು ನೆಲಕ್ಕೆ ಚೆಲ್ಲಿತು.

“ಅಳತೆ ತಪ್ಪಿಹೋಯ್ತು. ಬೇರೆ ಶೀಟು ಕೊಡಿ, ಮೊದಲಿಂದ ಮಾಡ್ತೀನಿ.”

ಈ ಮುದುಕಿಗೆ ಮೊಮ್ಮಗು ಬೇಕೋ ಅಳತೆ ಬೇಕೋ ಎಂದು ನನಗೆ ಸಿಟ್ಟು ಬಂತು. ಸ್ವಲ್ಪ ಕಡಿಮೆ ಹೇಳಿದರೆ ಇವರ ಗಂಟೇನು ಹೋಗುತ್ತದೆ? ಹಾಗೆಂದುಕೊಳ್ಳುತ್ತಲೇ ಹೊಳೆಯಿತು. ಕಡಿಮೆ ಹೇಳಿದರೆ ಹೋಗುವವಳು ನಾನು.

ಎರಡನೇ ಸಲ ನಿಧಾನವಾಗಿ ಸುರಿದರು. ನಿಲ್ಲಿಸಿದರು. ಕಣ್ಣು ಮುಚ್ಚಿದರು. ಒಂದು ಗುಟುಕಿನಷ್ಟು ಮತ್ತೆ ಸುರಿದರು.

“ಉಟ್ಟ ಬಟ್ಟೆಯದೂ ಸೇರಿ ಇಷ್ಟು. ಹಾಸಿಗೆಗೆ ಇಳಿದಿರಲಿಲ್ಲ. ಮೂರನೇ ಬಕೆಟ್ಟಿಗೆ ನೀರು ತಿಳಿಯಾಯ್ತು.”

“ಖಂಡಿತಾನಾ?”

“ಕಮ್ಮಿ ಹೇಳಿ ನಾನು ಯಾರನ್ನ ಉಳಿಸ್ಕೊಳ್ಳಲಿ ಡಾಕ್ಟ್ರೇ?”

ಡಾಕ್ಟರು ಬಗ್ಗಿ ಜಗ್ಗಿನ ಗೀಟು ನೋಡಿದರು. “ಸುಮಾರು ಮುನ್ನೂರು ಮಿಲಿ. ರಕ್ತದ ರಿಪೋರ್ಟೂ ಬರಲಿ. ಸದ್ಯಕ್ಕೆ ಕಾಯೋಣ.”

“ಮತ್ತೆ ಶುರುವಾದ್ರೆ?” ಎಂದೆ.

“ಕೊಯ್ಯೋದೇ.”

ತೊಡೆಗೆ ಇಂಜೆಕ್ಷನ್ ಕೊಟ್ಟರು. ಕೆಳಗೆ ಬಿಳಿ ಬಟ್ಟೆ ಹಾಸಿದರು. ಕಾಲು ಗಂಟೆಗೊಮ್ಮೆ ನೋಡಬೇಕೆಂದು ಹೇಳಿ ಡಾಕ್ಟರು ಹೋದರು. ಮೊದಲ ಸಲ ನರ್ಸು ಹೊದಿಕೆ ಎತ್ತಿದರು. ನಾನು ಚಾವಣಿ ನೋಡಿದೆ. “ಏನೂ ಇಲ್ಲ,” ಎಂದರು. ನನಗೆ ನಂಬಿಕೆ ಬರಲಿಲ್ಲ.

ಎರಡನೇ ಸಲ ನರ್ಸೇ ಅತ್ತೆಗೆ, “ಬನ್ನಿ, ನೀವೇ ನೋಡಿ,” ಎಂದರು.

ಅತ್ತೆ ಬಗ್ಗಿದರು. ತುಂಬ ಹೊತ್ತು ನೋಡಿದರು.

“ಏನಿದೆ, ಹೇಳಿ,” ಎಂದೆ.

“ಸುಮ್ನಿರೇ. ಕಣ್ಣು ಮಂಜಾಗಿದೆ.” ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದರು. “ಇಲ್ಲ. ಬೆಳ್ಳಗಿದೆ.”

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಮುಂದಿನದು ನಾಲ್ಕೂ ಇಪ್ಪತ್ತೈದಕ್ಕೆ.