ಅವ್ವ ಕೊಟ್ಟ ಕಿಮ್ಮತ್ತು

ಹೆಣವನ್ನು ಗೋಡೆಗೆ ಆನಿಸಿ ಕೂಡಿಸುವಾಗಲೂ ಚನ್ನೇಶನ ಬಾಯಿ ಸುಮ್ಮನಿರಲಿಲ್ಲ. ತಾಯಿ ಹಾಲವ್ವನ ತಲೆ ವಾಲದಂತೆ ಅರಿವೆ ಕಟ್ಟಿದವನು, ಅದೇ ಕೈಯಿಂದ ಸವಣೂರಿನ ಆ ಹಳೆಯ ಮನೆಯ ತೊಲೆಗಳನ್ನು ಬೀಗರಿಗೆ ತೋರಿಸಿದ.

“ನಮ್ಮಪ್ಪ ಬರೇ ಕೂಲಿ ಮಾಡಿ ಈ ಮನಿ ಕೊಂಡಾನ್ರಿ. ಆಗಿನ ಕಾಲಕ್ಕ ಎರಡು ಸಾವಿರ! ಈಗ ಅಷ್ಟಕ್ಕ ಒಂದು ಬಾಗಲಾ ಸೈತ ಬರೂದಿಲ್ಲ.”

ಕೇಳಿ ಕೇಳಿ ಓಣಿಯವರ ಕಿವಿ ತೂತು ಬಿದ್ದ ಪುರಾಣ. ಅಪ್ಪ ಉಳವಪ್ಪ ಇರುವ ತನಕ ಅವನು ಹೇಳಿದ, ಆಮೇಲೆ ಮಗ ಹಿಡಿದ. ಹಾಲವ್ವ ಮಾತ್ರ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ಹುಲಗೂರಿನಿಂದ ಗುಲ್ನಾರ ಬಂದಳು. ಈ ಮನೆಯ ಮೊದಲಿನ ಮಾಲೀಕ ಅನೀಸಸಾಬರ ಮಗಳು, ಚನ್ನೇಶನ ವಾರಿಗೆಯವಳು. ಹೆಣದ ಕಾಲು ಹಿಡಿದು “ಅವ್ವಾ” ಎಂದು ಅತ್ತಳು. ಕಣ್ಣೊರೆಸಿಕೊಂಡು ಅಂದಳು:

“ಚನ್ನೇಶಣ್ಣ, ಮಕ್ಕಳು ಮಣ್ಣು ಹಾಕೂ ಮುಂದ ನಾನೂ ಒಂದು ಮುಟಗಿ ಹಾಕ್ತೇನಿ. ಇಲ್ಲಾ ಅನಬ್ಯಾಡ.”

“ನೀ ಯಾವ ಲೆಕ್ಕದ ಮಗಳವಾ?”

“ನಮ್ಮೊಳಗ ಹಾಲು ಕುಡಿಸಿದಾಕಿ ಹಡದಾಕಿ ಸಮಾ.” ಗುಲ್ನಾರ ಮೂಲೆಯಲ್ಲಿದ್ದ ಅವನ ಸೋದರತ್ತೆ ನೀಲವ್ವನ ಕಡೆ ತಿರುಗಿದಳು. “ಅತ್ತೀ, ಈಗರೆ ಹೇಳ್ರಿ.”

ನೀಲವ್ವ ಸೆರಗು ಬಾಯಿಗಿಟ್ಟುಕೊಂಡಳು. “ಹೆಣದ ಮುಂದ ಸುಳ್ಳು ಆಡಬಾರದು. ನಿಮ್ಮಪ್ಪ ಈ ಮನಿಗೆ ಒಂದು ದುಡ್ಡೂ ಕೊಟ್ಟಿಲ್ಲೋ ಚನ್ನೇಶಾ.”

\*

ಗುಲ್ನಾರಳನ್ನು ಹೆತ್ತು ಅವಳ ತಾಯಿ ತೀರಿಕೊಂಡಿದ್ದಳು. ಮೇಲಿನ ಹಾಲು ಹಾಕಿದರೆ ಕೂಸು ಕಾರಿಕೊಳ್ಳುತ್ತಿತ್ತು. ಸಾಬರ ಎಲೆತೋಟದ ಕೂಲಿ ಉಳವಪ್ಪ. ಅವನ ಹೆಂಡತಿ ಹಸಿ ಬಾಣಂತಿ. ಒಣಕಲು ಮೈ, ಒಂದೇ ಕೂಸಿಗೆ ಆಗುವಷ್ಟು ಹಾಲು.

“ನನ್ನ ಕೂಸು ಉಳಿಸವಾ. ಹಾಲು ಬಿಟ್ಟ ಮ್ಯಾಲ ಕರಕೊಂಡು ಹುಲಗೂರಿಗೆ ಹೋಗ್ತೇನಿ, ನನ್ನ ಮನಿ ನಿಮಗ ಬರದು ಕೊಡ್ತೇನಿ,” ಎಂದು ಸಾಬರು ಅವರ ಹೊಸ್ತಿಲಲ್ಲಿ ಕೂತರು.

ಹೂಂ ಅಂದವನು ಉಳವಪ್ಪ. ಹಾಲವ್ವ ಅಳುತ್ತಿದ್ದ ಗುಲ್ನಾರಳನ್ನು ಎದೆಗೆ ಹಚ್ಚಿಕೊಂಡಳು. ಚನ್ನೇಶನಿಗೆ ಆಡಿನ ಹಾಲಿಗೆ ನೀರು ಬೆರೆಸಿ, ಅರಿವೆಯ ಬತ್ತಿ ಅದ್ದಿ ಚೀಪಿಸಿದರು. ಅವನು ಅತ್ತರೆ ಹಾಲು ಸುರಿದು ಅವಳ ಕುಪ್ಪಸ ಒದ್ದೆಯಾಗುತ್ತಿತ್ತು. ಅದಕ್ಕೆ ನೀಲವ್ವ ಅವನನ್ನು ಹಿತ್ತಲಿಗೆ ಎತ್ತಿಕೊಂಡು ಹೋಗುತ್ತಿದ್ದಳು, ಅಳು ಕೇಳಿಸಬಾರದೆಂದು.

\*

“ಅಂದ್ರ… ನನ್ನ ಹಾಲು?”

ಚನ್ನೇಶ ಕಂಬ ಹಿಡಿದುಕೊಂಡ. ಮೊಮ್ಮಕ್ಕಳಾದ ಮೇಲೂ ಅವ್ವ ಅವನ ತಾಟಿಗೇ ಮೊದಲು ಕೆನೆ ಹಾಕುತ್ತಿದ್ದಳು. ಸಾಕಬೇ ಎಂದರೆ ಕೇಳುತ್ತಿರಲಿಲ್ಲ.

“ಒಂದು ದಿನಾನರೆ ಯಾಕ ಹೇಳಲಿಲ್ಲಬೇ? ಬಾಯಿ ಬಿಡು!” ಎಂದು ಹೆಣಕ್ಕೇ ಬೈದ. ಬೀಗರು ಹೌಹಾರಿ ಎದ್ದು ನಿಂತರು. ಸತ್ತವಳು ಏನು ಹೇಳಿಯಾಳು, ಪಾಪ.

ಮಣ್ಣು ಕೊಡುವ ಹೊತ್ತಿಗೆ ಕುಣಿಯಲ್ಲಿ ಹಾಲವ್ವನನ್ನು ಕೂಡಿಸಿ, ಅಯ್ಯನವರು “ಮಕ್ಕಳು ಬರ್ರಿ” ಎಂದು ಕರೆದರು. ಗುಲ್ನಾರ ಜನರ ಹಿಂದೆ ದೂರ ನಿಂತಿದ್ದಳು. ಚನ್ನೇಶ ಹೋಗಿ ಅವಳ ರಟ್ಟೆ ಹಿಡಿದ. ಇನ್ನೂ ಸಿಟ್ಟಿತ್ತು.

“ಬಾ. ನೀನ ಕುಡದೀದಿ, ನೀನೂ ಹಾಕು.”

ಬಗ್ಗಿ ಮಣ್ಣು ಹಿಡಿದವನಿಗೆ ಕೈ ಬಿಚ್ಚಲು ಆಗಲಿಲ್ಲ. ಅಯ್ಯನವರು ಎರಡು ಸಲ ಹೇಳಿದರು. ಮುಷ್ಟಿ ಇನ್ನೂ ಬಿಗಿಯಾಯಿತು.

“ಬಿಡಣ್ಣಾ,” ಎಂದು ಗುಲ್ನಾರ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಣ್ಣು ಇಬ್ಬರ ಕೈಯಿಂದಲೂ ಜಾರಿ, ಕುಣಿಯಲ್ಲಿ ಕೂತಿದ್ದ ಅವ್ವನ ಉಡಿಯೊಳಗೆ ಬಿತ್ತು.