ನೊರೆ ಒರೆಸಿದ ಮೇಲೆ

ಆ ವೆಲ್ಡರ್ ಗಡ್ಡ ತೆಗೆದದ್ದೇ ಎಡವಟ್ಟಾಯಿತು ನೋಡಿ. ಕಾರ್ಖಾನೆಯಲ್ಲಿ ಹೊಸ ಮೇಲ್ವಿಚಾರಕ ಬಂದವನೇ, ಹೊಗೆ ತಡೆಯುವ ಮುಖವಾಡ ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ, ಬೋಳಿಸಿಕೊಂಡು ಬಾ ಎಂದ. ವೆಲ್ಡರ್ ಬೋಳಿಸಿಕೊಂಡ. ಬಚ್ಚಲಿನಿಂದ ಹೊರಗೆ ಬಂದದ್ದೇ ತಡ, ನಾಲ್ಕು ವರ್ಷದ ಮಗಳು ಚಿಣ್ಣಿ ಕಿಟಾರನೆ ಕಿರುಚಿ ತಾಯಿಯ ಹಿಂದೆ ಅಡಗಿದಳು.

"ಅಮ್ಮಾ, ಇವ್ರು ಯಾರು? ನಮ್ಮಪ್ಪ ಎಲ್ಲಿ?"

ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ಆದರೆ ಒಂದು ವಾರವಾದರೂ ಮಗು ಹತ್ತಿರ ಸುಳಿಯದಿದ್ದಾಗ ನಗು ಎಲ್ಲಿಂದ ಬರಬೇಕು? ಹೆತ್ತ ಮಗಳು ಪರಕೀಯನನ್ನು ನೋಡುವಂತೆ ನೋಡಿದರೆ ಯಾವ ತಂದೆಯ ಕರುಳು ಚುರುಕ್ಕೆನ್ನುವುದಿಲ್ಲ, ನೀವೇ ಹೇಳಿ.

"ಅವಳ ಕಣ್ಣೆದುರೇ ಶೇವ್ ಮಾಡ್ಕೊಳ್ಳಿ," ಎಂದಳು ಹೆಂಡತಿ. "ನೊರೆ ಕೆಳಗಿಂದ ನೀವೇ ಬರೋದನ್ನ ನೋಡ್ಲಿ."

ಹಾಗೆ ಶುರುವಾಯಿತು. ಬೆಂಕಿಯ ಜೊತೆ ಕೆಲಸ ಮಾಡುವವನು, ಜಾಗ್ರತೆ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಬಟ್ಟಲಲ್ಲಿ ಬ್ರಶ್ ತಿರುಗಿಸಿ ನೊರೆ ಏಳಿಸುವುದು ಚಿಣ್ಣಿಯ ಕೆಲಸ. ಅವನು ಕ್ಷೌರದ ಕತ್ತಿ ಎಳೆಯುವಷ್ಟು ಹೊತ್ತು ಅವಳು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೈ ಕಟ್ಟಿ, ತುಟಿ ಪಿಟಕ್ಕೆನ್ನದೆ ಕೂರಬೇಕು. ಕತ್ತಿ ತೊಳೆದು, ಒರೆಸಿ, ಮಡಚಿ, ಬೀರುವಿನ ನೆತ್ತಿಯ ಮೇಲಿನ ಡಬ್ಬಿ ಸೇರಿದ ಮೇಲೆಯೇ ಅವಳ ಸರದಿ. ಅವಳದು ಬ್ಲೇಡೇ ಇಲ್ಲದ ಹಳೇ ರೇಜರ್. ಅದರ ಬಾಯಿಯನ್ನು ಅವನು ದಿನಾ ಬೆರಳಾಡಿಸಿ ನೋಡಿಯೇ ಕೊಡುತ್ತಿದ್ದ.

ನಾಲ್ಕನೆಯ ದಿನ "ಅಪ್ಪಾ" ಎಂದು ಕರೆದಳು. ಅವನು ಗೋಡೆಗೆ ಮುಖ ಮಾಡಿ ಅತ್ತ, ಸೋಪು ಕಣ್ಣಿಗೆ ಹೋಯಿತೆಂದು ಸುಳ್ಳು ಹೇಳಿದ. ಒಂದೇ ಒಂದು ವಿಷಯ ಚುಚ್ಚುತ್ತಿತ್ತು. ಕನ್ನಡಿಯಲ್ಲಿ ಅವಳು ಅವನನ್ನೇ ದಿಟ್ಟಿಸುತ್ತಿರುತ್ತಿದ್ದಳು. ಅವನ ಕಣ್ಣು ಸಿಕ್ಕಿದರೆ ಮನೆಗೆ ಬಂದ ನೆಂಟರನ್ನು ಕಂಡವರಂತೆ ಥಟ್ಟನೆ ನಗುತ್ತಿದ್ದಳು.

ಅವತ್ತು ಭಾನುವಾರ, ಬೆಳಗಿನ ಬಿಸಿಲು ಬಚ್ಚಲ ಕಿಟಕಿಯಲ್ಲಿತ್ತು. ಕತ್ತಿ ಡಬ್ಬಿ ಸೇರಿತ್ತು. ಚಿಣ್ಣಿ ಕಣ್ಣೆರಡು ಬಿಟ್ಟು ಮುಖವಿಡೀ ನೊರೆ ಬಳಿದುಕೊಂಡು ರೇಜರ್ ಎಳೆಯುತ್ತಿದ್ದಳು. "ಸಾಕು ಬಾರೇ, ಮೀಸೆ ಬಂದೀತು," ಎಂದು ಅವನು ಟವೆಲಿನಿಂದ ಅವಳ ಮುಖ ಒರೆಸಿದ.

ಅದು ಚಿಣ್ಣಿಯ ಮುಖವಾಗಿರಲಿಲ್ಲ.

ಬಾಗಿಲು ಒಳಗಿನಿಂದ ಹಾಕಿತ್ತು, ಯಾರೂ ಬಂದಿರಲಿಲ್ಲ, ಯಾರೂ ಹೋಗಿರಲಿಲ್ಲ. ಅದೇ ಹಳದಿ ಫ್ರಾಕು. ಹುಬ್ಬಿನ ಮೇಲೆ ಬಿದ್ದು ಮಾಡಿಕೊಂಡ ಗಾಯದ ಗುರುತು ಕೂಡ ಅಲ್ಲೇ ಇತ್ತು. ಕಣ್ಣು, ಮೂಗು, ಬಾಯಿ ಎಲ್ಲ ಇದ್ದಲ್ಲೇ ಇದ್ದವು, ಆದರೆ ಈ ಮಗುವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

"ಯಾರಮ್ಮಾ ನೀನು?"

"ನಾನು ಅಪ್ಪಾ." ದನಿ ಮಾತ್ರ ಚಿಣ್ಣಿಯದೇ.

ಅವನು ಬಾಗಿಲು ತೆರೆದು ಹೆಂಡತಿಯನ್ನು ಕೂಗಿದ. ಅವಳು ಸೌಟು ಹಿಡಿದೇ ಬಂದಳು, ಬಂದವಳು ಮಗುವಿನ ಕೆನ್ನೆಗೆ ಲೊಚಕ್ಕನೆ ಮುತ್ತಿಟ್ಟಳು. "ಅಯ್ಯೋ ನನ್ ಬಂಗಾರ, ಎಷ್ಟು ನುಣ್ಣಗಾಗಿದೆ!"

"ಸರಿಯಾಗಿ ನೋಡೇ. ಇವಳು..."

"ಇವಳಿಗೇನು? ಹೆತ್ತವರಿಗೆ ಹೆಗ್ಗಣ ಮುದ್ದು. ನನ್ ಕಣ್ಣಿಗಂತೂ ಚೆಂದಾನೇ ಕಾಣ್ತಾಳಪ್ಪ." ನಗುತ್ತಾ ಒಲೆಯ ಕಡೆ ಓಡಿದಳು, ಹಾಲು ಉಕ್ಕುತ್ತಿತ್ತು.

ಅವನಿಗೆ ಓಡಿಹೋಗೋಣವೆನ್ನಿಸಿತು, ಸ್ವಂತ ಮನೆಯಿಂದ, ಹಾಡುಹಗಲಲ್ಲಿ! ಮಗು ಸ್ಟೂಲು ಎಳೆದು ತಂದು ಹತ್ತಿ ನಿಂತಿತು. ಅವನ ನುಣುಪು ಕೆನ್ನೆಯ ಮೇಲೆ ತಣ್ಣನೆಯ ಅಂಗೈ ಇಟ್ಟು, ತಾಯಿಗೆ ಕೇಳದಂತೆ ಪಿಸುಗುಟ್ಟಿತು.

"ಹೆದರ್ಕೋಬೇಡ. ಅಮ್ಮಂಗೆ ಹೇಳಿದ್ರೆ ಬರೀ ನಗ್ತಾಳೆ, ನಾನೂ ಹೇಳಿ ನೋಡ್ದೆ. ಸ್ವಲ್ಪ ದಿನ ಹೋದ್ರೆ ಅಭ್ಯಾಸ ಆಗುತ್ತೆ. ನಂಗೂ ನೀನು ಅಭ್ಯಾಸ ಆದೆ ಅಲ್ವಾ?"